ಹಳೆಯ ಕಾರಿನಲ್ಲಿ ಆರದ ಏರ್‌ಬ್ಯಾಗ್ ಲೈಟ್: ಎಲ್ಲಿಂದ ಹುಡುಕಬೇಕು?

ಇಗ್ನಿಷನ್ ಆನ್ ಮಾಡಿದ ಕೂಡಲೇ ಮೀಟರ್ ಬೋರ್ಡ್‌ನಲ್ಲಿ ಏರ್‌ಬ್ಯಾಗ್ ಲೈಟ್ ಹತ್ತಬೇಕು, ಐದಾರು ಸೆಕೆಂಡಿನಲ್ಲಿ ಆರಬೇಕು. ಆರದೆ ಉಳಿದರೆ, ಇಲ್ಲವೇ ಓಡಿಸುವಾಗ ಮತ್ತೆ ಹತ್ತಿದರೆ, ಏರ್‌ಬ್ಯಾಗ್ ನಿಯಂತ್ರಿಸುವ ಕಂಟ್ರೋಲ್ ಯೂನಿಟ್ ಏನೋ ದೋಷ ಕಂಡಿದೆ ಎಂದರ್ಥ. ಆಗ ಹಲವು ಕಾರುಗಳು ಇಡೀ ಏರ್‌ಬ್ಯಾಗ್ ವ್ಯವಸ್ಥೆಯನ್ನೇ ನಿಲ್ಲಿಸಿಬಿಡುತ್ತವೆ. ಕೆಲವು ಕಾರುಗಳಲ್ಲಿ ದೋಷವಿರುವ ಭಾಗ ಮಾತ್ರ ನಿಲ್ಲುತ್ತದೆ. ಹೇಗಾದರೂ ಸರಿ, ಡಿಕ್ಕಿಯಾದಾಗ ಬ್ಯಾಗ್ ಬಿಚ್ಚಿಕೊಳ್ಳುತ್ತದೆ ಎಂದು ನಂಬಿ ಕೂರುವಂತಿಲ್ಲ.

ನಮ್ಮಲ್ಲಿ ಚಾಲಕನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಕಡ್ಡಾಯವಾಗಿದ್ದು 2019ರ ಜುಲೈನಲ್ಲಿ. ಅದಕ್ಕೂ ಹಿಂದೆ, ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ದುಬಾರಿ ವೇರಿಯಂಟ್ ಕೊಂಡವರಿಗಷ್ಟೇ ಅದು ಸಿಗುತ್ತಿತ್ತು. ಆ ಕಾಲದ ಎಷ್ಟೋ ಕಾರುಗಳು ಈಗ ಹತ್ತು ಹದಿನೈದು ವರ್ಷ ದಾಟಿ ಎರಡನೇ, ಮೂರನೇ ಮಾಲೀಕರ ಕೈಯಲ್ಲಿವೆ. ಈ ಲೈಟಿನ ದೂರು ಹೆಚ್ಚಾಗಿ ಬರುವುದು ಅವುಗಳಿಂದಲೇ. ಹೆಚ್ಚಿನ ಸಲ ಹಾಳಾಗಿರುವುದು ಏರ್‌ಬ್ಯಾಗೂ ಅಲ್ಲ, ಕಂಟ್ರೋಲ್ ಯೂನಿಟ್ಟೂ ಅಲ್ಲ. ನಡುವಿನ ದಾರಿಯಲ್ಲಿ ಎಲ್ಲೋ ಒಂದು ಕನೆಕ್ಟರ್ ಅಥವಾ ಒಂದು ಕೇಬಲ್.

ಏಕೆಂದರೆ ಈ ವ್ಯವಸ್ಥೆ ನಡೆಯುವುದೇ ಎರಡು ಓಮ್ ಆಸುಪಾಸಿನ ಲೆಕ್ಕದಲ್ಲಿ. ರೆಸಿಸ್ಟೆನ್ಸ್ ಎಂದರೆ ಕರೆಂಟ್ ಹರಿಯಲು ಎದುರಾಗುವ ತಡೆ, ಓಮ್ ಅದರ ಅಳತೆ. ಬ್ಯಾಗನ್ನು ಉಬ್ಬಿಸುವ ಸಿಡಿಮದ್ದಿಗೆ ಕಿಡಿ ಕೊಡುವ ಸಣ್ಣ ತಂತಿಯ ರೆಸಿಸ್ಟೆನ್ಸ್ ಸಾಮಾನ್ಯವಾಗಿ ಎರಡು ಓಮ್‌ನ ಹತ್ತಿರ ಇರುತ್ತದೆ. ಕಂಟ್ರೋಲ್ ಯೂನಿಟ್ ಅತಿ ಕಡಿಮೆ ಕರೆಂಟ್ ಹರಿಸಿ ಅದನ್ನು ಸದಾ ಅಳೆಯುತ್ತಿರುತ್ತದೆ. ಹೆಡ್‌ಲೈಟ್ ಕನೆಕ್ಟರ್‌ನಲ್ಲಿ ಒಂದು ಓಮ್‌ನಷ್ಟು ಕಿಲುಬು ಕೂತರೆ ಬೆಳಕು ಮಂಕಾದೀತು, ಕಾರು ಓಡುತ್ತಲೇ ಇರುತ್ತದೆ. ಇಲ್ಲಿ ಅಷ್ಟೇ ಕಿಲುಬು ಸೇರಿದರೂ ಅಳತೆ ಮಿತಿ ಮೀರಬಹುದು, ಲೈಟ್ ಹತ್ತಬಹುದು. ಕಾರು ಹಳತಾದಷ್ಟೂ ಈ ಲೈಟ್ ಬಂದು ಹೋಗಿ ಮಾಡುವುದು ಈ ಕಾರಣಕ್ಕೇ.

ಮೊದಲ ಕೆಲಸ ಕಂಟ್ರೋಲ್ ಯೂನಿಟ್ ದಾಖಲಿಸಿಟ್ಟ ದೋಷದ ಕೋಡ್ ಓದುವುದು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಓಬಿಡಿ (ಕೋಡ್ ಓದುವ) ಸಾಧನಗಳು ಬಹುಪಾಲು ಎಂಜಿನ್‌ನ 'ಪಿ' ಕೋಡ್ ಮಾತ್ರ ಓದುತ್ತವೆ. ಏರ್‌ಬ್ಯಾಗ್ ದೋಷ ಇರುವುದು 'ಬಿ' ಕೋಡ್‌ನಲ್ಲಿ. ಅದಕ್ಕೆ ಆ ಕಂಪನಿಯ ಏರ್‌ಬ್ಯಾಗ್ ಯೂನಿಟ್ ಜೊತೆ ಮಾತಾಡಬಲ್ಲ ಸ್ಕ್ಯಾನರ್ ಬೇಕು. ಕೋಡ್ ಓದಿದ ತಕ್ಷಣ ಅಳಿಸಬೇಡಿ, ಬರೆದಿಟ್ಟುಕೊಳ್ಳಿ. ಅದು ಈಗಲೂ ಇರುವ ದೋಷವೋ, ಹಿಂದೆ ಬಂದು ಹೋದದ್ದೋ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಬರಿಯ ಅಳಿಸುವಿಕೆಯನ್ನೇ ರಿಪೇರಿ ಎಂದು ಬಿಲ್ ಮಾಡಿದರೆ ಒಪ್ಪಬೇಡಿ.

ಕೋಡ್ ಹೇಳುವ ಮಾತನ್ನು ಪೂರ್ತಿ ಓದಬೇಕು. ಹ್ಯುಂಡೈ ಕಾರುಗಳಲ್ಲಿ ಬಿ1346 ಬಂದರೆ ಚಾಲಕನ ಏರ್‌ಬ್ಯಾಗ್ ಸರ್ಕ್ಯೂಟ್‌ನಲ್ಲಿ ರೆಸಿಸ್ಟೆನ್ಸ್ ಹೆಚ್ಚಾಗಿದೆ ಎಂದರ್ಥ. ಏರ್‌ಬ್ಯಾಗ್ ಹಾಳಾಗಿದೆ ಎಂದು ಅದು ಹೇಳುತ್ತಿಲ್ಲ. ರೆಸಿಸ್ಟೆನ್ಸ್ ಹೆಚ್ಚು ಎಂದರೆ ತುಂಡಾದ ತಂತಿ, ಸಡಿಲ ಪಿನ್, ಕಿಲುಬು. ರೆಸಿಸ್ಟೆನ್ಸ್ ಕಡಿಮೆ ಎಂದಾಗ ಅನೇಕರು ತಂತಿ ಶಾರ್ಟ್ ಆಗಿದೆ ಎಂದು ಹುಡುಕಲು ಹೊರಡುತ್ತಾರೆ. ಅದಕ್ಕೂ ಮುಂಚೆ ಏರ್‌ಬ್ಯಾಗ್ ತಂತಿಯ ಹಳದಿ ಕನೆಕ್ಟರ್ ಪೂರ್ತಿ ಲಾಕ್ ಆಗಿದೆಯೇ ನೋಡಿ. ಕನೆಕ್ಟರ್ ಬಿಚ್ಚಿದಾಗ ಆಕಸ್ಮಿಕವಾಗಿ ಬ್ಯಾಗ್ ಸಿಡಿಯದಿರಲೆಂದು ಅದರೊಳಗೆ ಎರಡೂ ಪಿನ್‌ಗಳನ್ನು ಜೋಡಿಸುವ ಒಂದು ಲೋಹದ ಪಟ್ಟಿ ಇರುತ್ತದೆ. ಕನೆಕ್ಟರ್ ಕೊನೆಯವರೆಗೆ ಕೂತಾಗ ಮಾತ್ರ ಆ ಪಟ್ಟಿ ಮೇಲೇಳುತ್ತದೆ. ಅರ್ಧ ಕೂತ ಕನೆಕ್ಟರ್‌ನಲ್ಲಿ ಅದು ಅಂಟಿಕೊಂಡೇ ಇದ್ದು ಶಾರ್ಟ್‌ನಂತೆ ಕಾಣಿಸುತ್ತದೆ.

ಬ್ಯಾಟರಿಯನ್ನು ಬೇಗ ನೋಡಿ ಮುಗಿಸಬಹುದು. ಎಂಜಿನ್ ನಿಂತಿದ್ದಾಗ 12.4 ವೋಲ್ಟ್‌ಗಿಂತ ಹೆಚ್ಚು, ಓಡುವಾಗ 13.8ರಿಂದ 14.5 ಇರಬೇಕು. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಬಲ ಕಳೆದುಕೊಂಡಿದೆ. ವಾರಗಟ್ಟಲೆ ನಿಂತಿದ್ದ ಕಾರನ್ನು ಜಂಪ್ ಸ್ಟಾರ್ಟ್ ಮಾಡಿದ ಮೇಲೆ ಲೈಟ್ ಹತ್ತಿ, ಕೋಡ್ ಕಡಿಮೆ ವೋಲ್ಟೇಜ್ ಎಂದಷ್ಟೇ ಹೇಳಿದರೆ, ಬ್ಯಾಟರಿ ಸರಿಪಡಿಸಿ ಕೋಡ್ ಅಳಿಸಿದರೆ ಸಾಕು.

ಇನ್ನು ಕೈ ಹಾಕುವ ಕೆಲಸ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕನಿಷ್ಠ ಮೂರು ನಿಮಿಷ ಕಾಯಬೇಕು. ನಿಮ್ಮ ಕಾರಿನ ಕೈಪಿಡಿ ಇನ್ನೂ ಹೆಚ್ಚು ಹೇಳಿದ್ದರೆ ಅಷ್ಟು. ಅಪಘಾತದಲ್ಲಿ ಬ್ಯಾಟರಿ ಕಡಿದುಹೋದರೂ ಬ್ಯಾಗ್ ಸಿಡಿಯಲೆಂದು ಕಂಟ್ರೋಲ್ ಯೂನಿಟ್‌ನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ, ಅದು ಇಳಿಯಬೇಕು. ಏರ್‌ಬ್ಯಾಗ್‌ನ ಪಿನ್‌ಗಳಿಗೆ ಮಲ್ಟಿಮೀಟರ್ ಆಗಲಿ, ಟೆಸ್ಟ್ ಲ್ಯಾಂಪ್ ಆಗಲಿ ಎಂದಿಗೂ ಹಿಡಿಯಬಾರದು. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿಯೇ ಇಡಬೇಕು. ಕವುಚಿ ಇಟ್ಟಾಗ ಸಿಡಿದರೆ ಅದು ರಾಕೆಟ್‌ನಂತೆ ಮೇಲೆ ಹಾರುತ್ತದೆ.

ಕೋಡ್ ಸೀಟಿನ ಕಡೆ, ಅಂದರೆ ಸೈಡ್ ಏರ್‌ಬ್ಯಾಗ್, ಬೆಲ್ಟ್ ಬಿಗಿಯುವ ಪ್ರಿಟೆನ್ಷನರ್ ಅಥವಾ ಬಕಲ್ ಕಡೆ ಬೆರಳು ತೋರಿಸಿದರೆ ಮುಂದಿನ ಸೀಟಿನ ಕೆಳಗೆ ಟಾರ್ಚ್ ಬಿಡಿ. ಅಲ್ಲಿನ ಹಳದಿ ಕನೆಕ್ಟರ್ ಸೀಟ್ ಹಿಂದೆ ಮುಂದೆ ಜರುಗಿದಾಗಲೆಲ್ಲ ಎಳೆದಾಡುತ್ತದೆ. ವ್ಯಾಕ್ಯೂಮ್ ಕ್ಲೀನರ್ ಮೂತಿ ತಗಲುತ್ತದೆ, ಸೀಟಿನಡಿ ತುರುಕಿದ ನೀರಿನ ಬಾಟಲಿ, ಕೊಡೆ ಒತ್ತುತ್ತವೆ. ಕನೆಕ್ಟರ್ ಬಿಚ್ಚಿ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ 'ಕ್ಲಿಕ್' ಎನ್ನುವವರೆಗೆ ಒತ್ತಿ, ತಂತಿಗೆ ಸ್ವಲ್ಪ ಸಡಿಲ ಬಿಟ್ಟು ಟೈ ಹಾಕಿ. ಉಪ್ಪುಕಾಗದದಲ್ಲಿ ಪಿನ್ ಉಜ್ಜಬೇಡಿ, ಅವುಗಳ ಮೇಲಿನ ತೆಳು ಚಿನ್ನದ ಲೇಪ ಹೋದರೆ ಕಿಲುಬು ಇನ್ನೂ ಬೇಗ ಬರುತ್ತದೆ. ಎಣ್ಣೆಯಂಶದ ತುಕ್ಕು ಬಿಡಿಸುವ ಸ್ಪ್ರೇ ಸಹ ಬೇಡ. ಸೀಟಿನಲ್ಲೇ ಸೈಡ್ ಏರ್‌ಬ್ಯಾಗ್ ಇರುವ ಕಾರಿಗೆ ಹೊರಗಿನ ದಪ್ಪ ಸೀಟ್ ಕವರ್ ಬಿಗಿದಿದ್ದರೆ, ಲೈಟಿನ ಮಾತು ಬಿಡಿ, ಬ್ಯಾಗ್ ಹೊರಬರಲು ದಾರಿಯೇ ಇರುವುದಿಲ್ಲ.

ಕೋಡ್ ಚಾಲಕನ ಏರ್‌ಬ್ಯಾಗ್ ಎಂದರೆ ಮೊದಲ ಅನುಮಾನ ಕ್ಲಾಕ್ ಸ್ಪ್ರಿಂಗ್ ಮೇಲೆ. ಸ್ಪೈರಲ್ ಕೇಬಲ್ ಎಂದೂ ಕರೆಯುತ್ತಾರೆ. ಸ್ಟೀರಿಂಗ್ ಚಕ್ರದ ಹಿಂದೆ ಡಬ್ಬಿಯೊಳಗೆ ಸುತ್ತಿಟ್ಟ ಚಪ್ಪಟೆ ಕೇಬಲ್ ಅದು. ಚಕ್ರ ತಿರುಗಿದಂತೆ ಬಿಚ್ಚಿ ಸುತ್ತಿಕೊಳ್ಳುತ್ತಾ ಏರ್‌ಬ್ಯಾಗ್‌ಗೆ ಸಂಪರ್ಕ ಕೊಡುತ್ತದೆ. ಹತ್ತು ವರ್ಷದ ತಿರುಗಾಟದಲ್ಲಿ ಅದರೊಳಗಿನ ತಾಮ್ರ ಬಿರಿಯುತ್ತದೆ. ಗುರುತು ಸುಲಭ. ಪಾರ್ಕಿಂಗ್‌ನಲ್ಲಿ ಚಕ್ರ ಪೂರ್ತಿ ತಿರುಗಿಸಿದಾಗ ಲೈಟ್ ಹತ್ತುತ್ತದೆ, ಹಾರ್ನ್ ಒಮ್ಮೆ ಬಂದು ಒಮ್ಮೆ ಬಾರದು, ಸ್ಟೀರಿಂಗ್ ಮೇಲಿನ ಆಡಿಯೊ ಬಟನ್ ಕೈಕೊಡುತ್ತದೆ. ಲೈಟ್ ಮತ್ತು ಹಾರ್ನ್ ಎರಡೂ ಒಟ್ಟಿಗೆ ಹೋದರೆ ಬೇರೆಲ್ಲೂ ಹುಡುಕುವ ಮುನ್ನ ಇದನ್ನೇ ನೋಡಿ.

ಖಚಿತಪಡಿಸಿಕೊಳ್ಳಲು ಏರ್‌ಬ್ಯಾಗ್‌ನ ಬದಲು ನಿಲ್ಲುವ 2.2 ಓಮ್‌ನ ರೆಸಿಸ್ಟರ್ ಸಾಕು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿ. ಬ್ಯಾಟರಿ ಬಿಚ್ಚಿ ಕಾದ ಮೇಲೆ ಏರ್‌ಬ್ಯಾಗ್ ತೆಗೆದು, ಅದಕ್ಕೆ ಬರುವ ತಂತಿಯ ಕನೆಕ್ಟರ್‌ಗೆ ಈ ರೆಸಿಸ್ಟರ್ ಸಿಕ್ಕಿಸಿ, ಬ್ಯಾಟರಿ ಜೋಡಿಸಿ ಸ್ಕ್ಯಾನ್ ಮಾಡಿ. ಕನೆಕ್ಟರ್‌ನ ಲೋಹದ ಪಟ್ಟಿ ಮೇಲೆದ್ದಿರಬೇಕು ಎಂಬುದು ಇಲ್ಲೂ ನೆನಪಿರಲಿ. ಈಗಿರುವ ದೋಷ ಹಿಂದಿನ ದೋಷವಾಗಿ ಬದಲಾದರೆ ತೊಂದರೆ ಏರ್‌ಬ್ಯಾಗ್ ಅಥವಾ ಅದರ ಕನೆಕ್ಟರ್‌ನಲ್ಲಿದೆ. ಬದಲಾಗದಿದ್ದರೆ ಮತ್ತೆ ಬ್ಯಾಟರಿ ಬಿಚ್ಚಿ ಕಾದು, ಅದೇ ರೆಸಿಸ್ಟರನ್ನು ಕ್ಲಾಕ್ ಸ್ಪ್ರಿಂಗ್‌ಗೆ ಕೆಳಗಿನಿಂದ ಬರುವ ತಂತಿಯ ಕನೆಕ್ಟರ್‌ಗೆ ಸಾಗಿಸಿ. ಅಲ್ಲಿ ದೋಷ ಹೋದರೆ ಕ್ಲಾಕ್ ಸ್ಪ್ರಿಂಗ್ ಹಾಳು. ಅಲ್ಲೂ ಉಳಿದರೆ ವೈರಿಂಗ್ ಅಥವಾ ಕಂಟ್ರೋಲ್ ಯೂನಿಟ್. ಪರೀಕ್ಷೆ ಮುಗಿದ ಮೇಲೆ ರೆಸಿಸ್ಟರ್ ಕಾರಿನಲ್ಲಿ ಉಳಿಯಲೇಬಾರದು.

ಹೊಸ ಕ್ಲಾಕ್ ಸ್ಪ್ರಿಂಗ್ ಕೂರಿಸುವಾಗ ಆಗುವ ತಪ್ಪು ಒಂದೇ, ಆದರೆ ದುಬಾರಿ. ಮುಂದಿನ ಚಕ್ರಗಳು ನೇರ ಇರಬೇಕು, ಸ್ಪ್ರಿಂಗ್ ಮಧ್ಯಕ್ಕೆ ಇರಬೇಕು. ಅದನ್ನು ನಿಧಾನವಾಗಿ ಒಂದು ಕಡೆ ನಿಲ್ಲುವವರೆಗೆ ತಿರುಗಿಸಿ, ಅಲ್ಲಿಂದ ಕೈಪಿಡಿ ಹೇಳಿದಷ್ಟು ಸುತ್ತು ಹಿಂದಕ್ಕೆ ತಂದು ಬಾಣದ ಗುರುತು ಸೇರಿಸಬೇಕು. ಬಹಳ ಕಾರುಗಳಲ್ಲಿ ಅದು ಸುಮಾರು ಎರಡೂವರೆ ಸುತ್ತು. ಇದನ್ನು ಬಿಟ್ಟು ಕೂರಿಸಿದರೆ ಮೊದಲ ಯು-ಟರ್ನ್‌ನಲ್ಲೇ ಕೇಬಲ್ ಹರಿಯುತ್ತದೆ.

ಮಳೆಗಾಲದ ನಂತರ ಹತ್ತಿದ ಲೈಟಿಗೆ ಬೇರೆ ದಾರಿ. ಎಷ್ಟೋ ಕಾರುಗಳಲ್ಲಿ ಕಂಟ್ರೋಲ್ ಯೂನಿಟ್ ಇರುವುದು ಗೇರ್ ಲಿವರ್ ಸುತ್ತಮುತ್ತ, ನೆಲದ ಮೇಲೆಯೇ. ರಸ್ತೆಯ ನೀರು ಒಳನುಗ್ಗಬೇಕೆಂದೇನಿಲ್ಲ, ಎಸಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡರೂ ಎಡಗಡೆ ಕಾರ್ಪೆಟ್ ಒಳಗೊಳಗೇ ನೆನೆಯುತ್ತದೆ. ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಿ. ಇಲಿ ಕಡಿದ ತಂತಿ ಸಿಕ್ಕರೆ ಟೇಪ್ ಸುತ್ತಿ ಮುಗಿಸಬೇಡಿ. ಏರ್‌ಬ್ಯಾಗ್ ತಂತಿಯ ದುರಸ್ತಿಗೆ ಕಂಪನಿ ಒಪ್ಪುವ ವಿಧಾನ ಇದ್ದರೆ ಅದು, ಇಲ್ಲವಾದರೆ ಆ ವೈರಿಂಗ್ ತುಂಡನ್ನೇ ಬದಲಿಸಬೇಕು.

ಹಳೆಯ ಕಾರು ಕೊಳ್ಳುವವರು ಲೈಟ್ ಆರಿರುವುದನ್ನು ಮಾತ್ರವಲ್ಲ, ಹತ್ತುವುದನ್ನೂ ನೋಡಬೇಕು. ಇಗ್ನಿಷನ್ ಆನ್ ಮಾಡಿದಾಗ ಅದು ಹತ್ತದಿದ್ದರೆ, ಅಥವಾ ಆಯಿಲ್ ಲೈಟ್ ಜೊತೆಗೇ ಹತ್ತಿ ಅದರ ಜೊತೆಗೇ ಆರಿದರೆ, ಯಾರೋ ತಂತಿ ಬದಲಿಸಿರಬಹುದು. ಒಮ್ಮೆ ಸಿಡಿದ ಏರ್‌ಬ್ಯಾಗ್ ಜಾಗದಲ್ಲಿ ಖಾಲಿ ಕವರ್ ಕೂರಿಸಿ ಮೇಲೆ ಹೇಳಿದ ರೆಸಿಸ್ಟರನ್ನೇ ಉಳಿಸಿದ್ದರೆ ಲೈಟ್ ನೀಟಾಗಿ ಹತ್ತಿ ಆರುತ್ತದೆ, ಸ್ಕ್ಯಾನರ್ ಕೂಡ ಒಪ್ಪುತ್ತದೆ. ಅದನ್ನು ಹಿಡಿಯಲು ಕವರ್ ತೆಗೆಸಿ ಕಣ್ಣಿಂದಲೇ ನೋಡಬೇಕು. ಗುಜರಿಯಿಂದ ಬಂದ ಏರ್‌ಬ್ಯಾಗ್ ಅಗ್ಗ ಎಂದು ಹಾಕಿಸಬೇಡಿ, ನೀರಲ್ಲಿ ಮುಳುಗಿದ ಕಾರಿನದೋ ಏನೋ ಹೊರಗಿಂದ ತಿಳಿಯದು.

ಲೈಟಿಗೆ ಗೊತ್ತೇ ಆಗದ ದೋಷವೂ ಇದೆ. ಜಪಾನಿನ ತಕಾಟಾ ಕಂಪನಿ, ಬ್ಯಾಗ್ ಉಬ್ಬಿಸುವ ಕೆಲವು ಇನ್‌ಫ್ಲೇಟರ್‌ಗಳಲ್ಲಿ ಅಮೋನಿಯಂ ನೈಟ್ರೇಟ್ ಬಳಸಿತ್ತು. ವರ್ಷಗಟ್ಟಲೆ ಸೆಕೆ, ತೇವ ತಿಂದ ಆ ಮದ್ದು ಅತಿ ವೇಗವಾಗಿ ಉರಿದು, ಲೋಹದ ಡಬ್ಬಿ ಒಡೆದು ಚೂರುಗಳು ಒಳಗಿದ್ದವರಿಗೆ ಬಡಿದವು, ಜೀವಗಳು ಹೋದವು. 2017ರಲ್ಲಿ ತಕಾಟಾ ದಿವಾಳಿಯಾಯಿತು. ಹೋಂಡಾ, ಟೊಯೊಟಾ ಸೇರಿ ಹಲವು ಕಂಪನಿಗಳು ಭಾರತದಲ್ಲೂ ಕಾರುಗಳನ್ನು ವಾಪಸ್ ಕರೆದವು. ಇಂಥ ಇನ್‌ಫ್ಲೇಟರ್‌ನ ತಂತಿ ಎರಡು ಓಮ್ ತೋರಿಸುತ್ತಲೇ ಇರುತ್ತದೆ, ಲೈಟ್ ಆರಿಯೇ ಇರುತ್ತದೆ. ಮಂಗಳೂರು, ಕಾರವಾರದಂಥ ಕಡಲ ತೀರದ ಸೆಕೆಯಲ್ಲಿ ವರ್ಷಗಟ್ಟಲೆ ನಿಂತ ಕಾರು ನಿಮ್ಮದಾದರೆ, ನೋಂದಣಿ ಪತ್ರದಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಇವತ್ತೇ ಹಾಕಿ ನೋಡಿ, ಇಲ್ಲವೇ ಷೋರೂಮಿನಲ್ಲಿ ವಿಚಾರಿಸಿ. ರೀಕಾಲ್ ಪಟ್ಟಿಯಲ್ಲಿದ್ದರೆ ಇನ್‌ಫ್ಲೇಟರ್ ಬದಲಾವಣೆಗೆ ನೀವು ದುಡ್ಡು ಕೊಡಬೇಕಿಲ್ಲ.