ಆತ್ಮನಿಂದೆಯನ್ನು ದೀನತೆಯೆಂದು ತಿಳಿದವರಿಗೆ

ಆಪ್ತ ಸಮಾಲೋಚನೆಗೆಂದು ನನ್ನ ಬಳಿಗೆ ಬರುವ ಕ್ರೈಸ್ತ ವಿಶ್ವಾಸಿಗಳಲ್ಲಿ ಅನೇಕರು ನಿದ್ರೆ ಬರುತ್ತಿಲ್ಲ, ಆಫೀಸಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎಂದು ಮಾತು ಶುರುಮಾಡುತ್ತಾರೆಯೇ ಹೊರತು, "ನಾನು ಯಾವುದಕ್ಕೂ ಬಾರದವನು", "ನನ್ನಂಥವಳ ಪ್ರಾರ್ಥನೆಯನ್ನು ದೇವರೇಕೆ ಕೇಳಿಯಾನು" ಎಂದು ದಿನವಿಡೀ ತಮಗೆ ತಾವೇ ಹೇಳಿಕೊಳ್ಳುವುದನ್ನು ತೊಂದರೆಯೆಂದು ಎಣಿಸುವುದೇ ಇಲ್ಲ. ನಾನಾಗಿ ಕೆದಕಿದರೆ, "ಅದು ಪವಿತ್ರಾತ್ಮನ ಎಚ್ಚರಿಕೆ ಮೇಡಂ" ಎಂದು ತುಸು ಹೆಮ್ಮೆಯಿಂದಲೇ ಉತ್ತರಿಸುತ್ತಾರೆ. ನನ್ನ ತಾಳ್ಮೆಯನ್ನು ಇಷ್ಟು ಕೆಡಿಸುವ ತಪ್ಪು ತಿಳಿವಳಿಕೆ ಮತ್ತೊಂದಿಲ್ಲ.

ಆತ್ಮನ ಎಚ್ಚರಿಕೆಯು ನಡೆದ ಕೆಲಸವನ್ನು ಹೆಸರಿಟ್ಟು ತೋರಿಸುತ್ತದೆ: ನಿನ್ನೆ ಹೆಂಡತಿಯ ಮೇಲೆ ಕೂಗಾಡಿದೆ, ತಮ್ಮನ ಹಣವನ್ನು ಇನ್ನೂ ಹಿಂದಿರುಗಿಸಿಲ್ಲ. ಕ್ಷಮೆ ಕೇಳು, ಹಣ ಕೊಡು ಎಂಬ ದಾರಿಯೂ ಅದರ ಜೊತೆಗೇ ಬರುತ್ತದೆ. ದೂರುವ ದನಿಗೆ ಇವು ಯಾವುವೂ ಬೇಕಿಲ್ಲ. ನೀನೇ ಕೆಟ್ಟವನು ಎಂದಷ್ಟೇ ಹೇಳಿ ಅದು ಬಾಗಿಲು ಮುಚ್ಚುತ್ತದೆ. ಬೈಬಲಿನ ಪ್ರಕಟನೆ 12:10 ಸೈತಾನನನ್ನು ಹಗಲಿರುಳು ದೂರು ಹೇಳುವವನೆಂದು ಕರೆಯುತ್ತದೆ. 2 ಕೊರಿಂಥ 7:10ರಲ್ಲಿ ಪೌಲನು ಮಾನಸಾಂತರಕ್ಕೆ, ಅಂದರೆ ಪಶ್ಚಾತ್ತಾಪಪಟ್ಟು ತಿರುಗಿಕೊಳ್ಳುವುದಕ್ಕೆ, ನಡೆಸುವ ದುಃಖವನ್ನೂ ಮರಣಕ್ಕೆ ನಡೆಸುವ ದುಃಖವನ್ನೂ ಬೇರೆಬೇರೆಯಾಗಿ ಇಡುತ್ತಾನೆ. ಇಷ್ಟನ್ನು ಒಪ್ಪಿ ತಲೆಯಾಡಿಸಿದವರೇ ಮುಂದಿನ ವಾರ ಅದೇ ಮಾತಿಗೆ ಮರಳುವುದರಿಂದ ಮತ್ತೆ ಹೇಳುತ್ತೇನೆ: ಯಾವ ಕೆಲಸಕ್ಕಾಗಿ, ಈಗ ಏನು ಮಾಡಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಲಾರದ ದನಿಯನ್ನು ದೇವರದೆಂದು ನಂಬುವ ಅಗತ್ಯವಿಲ್ಲ.

ಯೇಸುವನ್ನು ಅರಿಯೆನೆಂದು ಮೂರು ಸಾರಿ ಹೇಳಿದ ಪೇತ್ರ, ಆತನನ್ನು ಹಿಡಿದುಕೊಟ್ಟ ಯೂದ, ಈ ಶಿಷ್ಯರಿಬ್ಬರೂ ಒಂದೇ ರಾತ್ರಿ ತಪ್ಪಿದರು, ಇಬ್ಬರೂ ಸಂಕಟಪಟ್ಟರು. ಯೂದನಂತೂ ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಹಿಂದಿರುಗಿಸಿ, ಪಾಪ ಮಾಡಿದೆನೆಂದು ಬಾಯಿಬಿಟ್ಟು ಒಪ್ಪಿಕೊಂಡ. ಆದರೆ ಒಪ್ಪಿಕೊಂಡದ್ದು, ಅದು ನಮಗೇನು ಎಂದು ಕೈಚೆಲ್ಲಿದ ಯಾಜಕರ ಮುಂದೆ. ಅಲ್ಲಿಂದ ಹೋಗಿ ಪ್ರಾಣ ಕಳೆದುಕೊಂಡ. ಪೇತ್ರನು ಜೊತೆಯ ಶಿಷ್ಯರ ನಡುವೆಯೇ ಉಳಿದ, ಮತ್ತು ಯೋಹಾನ 21ರಲ್ಲಿ ಕರ್ತನು ಸಮುದ್ರ ತೀರದಲ್ಲಿ ಅವನಿಗೆ ಊಟ ಬಡಿಸಿ, ಹಳೆಯದನ್ನು ಪಟ್ಟಿಮಾಡದೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಾರಿ ಕೇಳಿ ಕೆಲಸ ಒಪ್ಪಿಸಿದನು. (ಯೂದನ ಕಥೆಯನ್ನು ಹಿಡಿದು ಆತ್ಮಹತ್ಯೆ ಮಾಡಿಕೊಂಡವರ ಮೇಲೆ ತೀರ್ಪು ಕೊಡುವವರಿದ್ದಾರೆ, ಅಂಥ ಮನೆಗಳಲ್ಲಿ ಕುಳಿತು ಬಂದ ನನಗೆ ಆ ಧೈರ್ಯವಿಲ್ಲ.) ನಮ್ಮ ಭಾನುವಾರದ ಆರಾಧನೆಯಲ್ಲಿಯೂ ಪಾಪದ ಅರಿಕೆಯಾದ ಕೂಡಲೇ ಕ್ಷಮೆಯ ಘೋಷಣೆ ಬರುತ್ತದೆಯಲ್ಲವೇ? ಈ ಜನ ಮೊದಲನೆಯದನ್ನು ವಾರವಿಡೀ ಹೇಳಿಕೊಳ್ಳುತ್ತಾರೆ, ಎರಡನೆಯದು ಬರುವ ಹೊತ್ತಿಗೆ ಅವರ ಗಮನವೇ ಇರುವುದಿಲ್ಲ.

ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಒಬ್ಬ ಯುವಕ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆನೆಂಬ ಫಿಲಿಪ್ಪಿ 4:13ನ್ನು ನೋಟ್‌ಬುಕ್ಕಿನ ಪುಟಪುಟಗಳಲ್ಲಿ ಬರೆದು ತಂದಿದ್ದ. ಈ ವಾಕ್ಯ ಯಾವ ಮಾತಿಗೆ ಉತ್ತರವೆಂದು ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ. ಗಾಯವನ್ನು ತೊಳೆಯದೆಯೇ ಪಟ್ಟಿ ಕಟ್ಟಿದ್ದ. ಬಹಳ ಹೊತ್ತಿನ ಮೇಲೆ ಬಂದ ಮಾತು, "ನಾನು ಮನೆಗೆ ಭಾರ". ಅಮ್ಮನ ಔಷಧಿ ಯಾರ ಸಂಬಳದಲ್ಲಿ ಬರುತ್ತದೆ ಎಂದು ಕೇಳಿದೆ. ತನ್ನದೇ ಸಂಬಳದಲ್ಲಿ ಎಂದು ಹೇಳಲು ಅವನಿಗೆ ನಾಚಿಕೆಯಾಯಿತು! 42ನೆಯ ಕೀರ್ತನೆಯ ಭಕ್ತನು ತನ್ನ ಮನಸ್ಸನ್ನೇ ನಿಲ್ಲಿಸಿ, ಏಕೆ ಕುಗ್ಗಿದ್ದೀ ಎಂದು ಮೊದಲು ವಿಚಾರಿಸುತ್ತಾನೆ, ಆಮೇಲೆ ದೇವರನ್ನು ನಿರೀಕ್ಷಿಸು ಎನ್ನುತ್ತಾನೆ. ಆ ಪ್ರಶ್ನೆ 43ನೆಯ ಕೀರ್ತನೆಯೂ ಸೇರಿ ಮೂರು ಬಾರಿ ಬರುತ್ತದೆ. ಒಮ್ಮೆ ಕೇಳಿದರೆ ಮನಸ್ಸು ಸುಮ್ಮನಾಗುವುದಿಲ್ಲ ಎಂಬುದು ಆ ಭಕ್ತನಿಗೂ ಗೊತ್ತಿತ್ತು.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ವಿಧಾನವೂ ತಾನಾಗಿ ಏಳುವ ಆಲೋಚನೆಯನ್ನು ಪುರಾವೆಯ ಮುಂದೆ ನಿಲ್ಲಿಸುತ್ತದೆ, ಮತ್ತು ಅದನ್ನು ಬಳಸಲು ನನಗೆ ಯಾವ ಸಂಕೋಚವೂ ಇಲ್ಲ. 1 ಅರಸುಗಳು 19ರಲ್ಲಿ ನಾನೊಬ್ಬನೇ ಉಳಿದೆನೆಂದ ಪ್ರವಾದಿ ಎಲೀಯನಿಗೆ ದೇವರು ಕೊನೆಗೆ ಒಂದು ಸಂಖ್ಯೆಯನ್ನು ಕೊಟ್ಟನು: ಬಾಳನೆಂಬ ಅನ್ಯದೇವತೆಗೆ ಮೊಣಕಾಲೂರದ 7000 ಜನ. ಆದರೆ ಅದಕ್ಕೂ ಮೊದಲು, ಸಾವನ್ನು ಬೇಡಿ ಗಿಡದ ಕೆಳಗೆ ಮಲಗಿದವನಿಗೆ ದೂತನ ಕೈಯಿಂದ ಸಿಕ್ಕಿದ್ದು ರೊಟ್ಟಿ ಮತ್ತು ನೀರು, ನಡುವೆ ನಿದ್ರೆ, ಮತ್ತೆ ಊಟ. ಉಪದೇಶವಿರಲಿಲ್ಲ.

ಆದ್ದರಿಂದ ಕುಗ್ಗಿದ ಮನಸ್ಸು, ಕೆಟ್ಟ ನಿದ್ರೆ, ಊಟ ಸೇರದಿರುವುದು ಎರಡು ವಾರ ಮೀರಿದರೆ ನನ್ನಂಥವರ ಬಳಿ ಮಾತ್ರ ಬಂದರೆ ಸಾಲದು. ಹೊಸೂರು ರಸ್ತೆಯ ನಿಮ್ಹಾನ್ಸ್ ಆಗಲಿ, ಹತ್ತಿರದ ಮನೋವೈದ್ಯರಾಗಲಿ ನೋಡಬೇಕು. ಸಾಯುವ ಆಲೋಚನೆ ಬಂದರೆ ಎರಡು ವಾರ ಕಾಯುವಂತಿಲ್ಲ, ಅಂದೇ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇನ್ನು, ಪ್ರಾರ್ಥನಾ ಕೂಟಗಳಲ್ಲಿ ನಿಮ್ಮ ನಂಬಿಕೆ ಸಾಲದು, ಮಾತ್ರೆ ಬಿಟ್ಟು ಉಪವಾಸ ಹಿಡಿಯಿರಿ ಎಂದು ಸಲಹೆ ಕೊಡುವ ಹಿರಿಯರಲ್ಲಿ ನನ್ನದೊಂದು ಬೇಡಿಕೆ: ಕೈಮುಗಿಯುತ್ತೇನೆ, ಮಾತ್ರೆಯ ವಿಷಯವನ್ನು ಅದನ್ನು ಬರೆದುಕೊಟ್ಟ ಡಾಕ್ಟರಿಗೆ ಬಿಡಿ, ಸಾಧ್ಯವಾದರೆ ಆಸ್ಪತ್ರೆಯವರೆಗೆ ಅವರ ಜೊತೆಯಲ್ಲಿ ಹೋಗಿ ಬನ್ನಿ.