ಗುಜರಿ ಹಲಗೆಯಲ್ಲಿ ಹರಿಕಾಂಭೋಜಿ

ಒಂದು ಉದ್ದನೆಯ ಮರದ ಪೆಟ್ಟಿಗೆ, ಅದರ ನಡುವೆ ಒಂದು ಪಟ್ಟಿ, ಪಟ್ಟಿಯ ಮೇಲೆ ಮೂರು ತಂತಿ. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮೂರನ್ನೂ ಒಟ್ಟಿಗೆ ಸವರುತ್ತಾ ನುಡಿಸುವ ವಾದ್ಯ. ಹೆಸರು ಡಲ್ಸಿಮರ್. ಇದೇ ಹೆಸರಿನ ಇನ್ನೊಂದು ವಾದ್ಯವೂ ಇದೆ. ಅದನ್ನು ಸಂತೂರಿನ ಹಾಗೆ ಕಡ್ಡಿಯಿಂದ ಬಡಿದು ನುಡಿಸುತ್ತಾರೆ. ಅದು ಬೇರೆ, ಇದು ಬೇರೆ. ನಾನು ಹೇಳುತ್ತಿರುವ ಡಲ್ಸಿಮರ್ ರೂಪ ಪಡೆದದ್ದು 19ನೇ ಶತಮಾನದಲ್ಲಿ, ಅಮೆರಿಕದ ಪೂರ್ವ ಭಾಗದ ಅಪಲೇಚಿಯನ್ ಬೆಟ್ಟಗಳಲ್ಲಿ. ಜರ್ಮನಿಯಿಂದ ವಲಸೆ ಬಂದವರ ಶೈಟ್‌ಹೋಲ್ಟ್ ಎಂಬ ತಂತಿವಾದ್ಯ ಇದರ ಹಿರಿಯ. ಬೆಟ್ಟದ ಜನ ಕೈಗೆ ಸಿಕ್ಕ ಮರದಲ್ಲೇ ಇದನ್ನು ಮಾಡಿಕೊಂಡರು. ಕೆಂಟಕಿಯ ಹಾಡುಗಾರ್ತಿ ಜೀನ್ ರಿಚಿ (1922–2015) ಇದನ್ನು ಬೆಟ್ಟದಿಂದ ನಗರದ ವೇದಿಕೆಗಳಿಗೆ ತಂದರು.

ದಾವಣಗೆರೆಯಲ್ಲಿ ಕೂತು ಇದರ ಬಗ್ಗೆ ಬರೆಯಲು ಕಾರಣ ಇದೆ. ಈ ವಾದ್ಯ ದೂರದ್ದು, ಇದರ ಒಳಗಿನ ಲೆಕ್ಕ ನಮ್ಮ ಕಿವಿಗೆ ಹಳೆಯದು. ಮೂರು ತಂತಿಗಳಲ್ಲಿ ರಾಗ ನುಡಿಸುವುದು ಒಂದೇ. ಉಳಿದ ಎರಡು ಸ ಮತ್ತು ಪ ಹಿಡಿದು ಶ್ರುತಿ ಕೊಡುತ್ತಾ ಇರುತ್ತವೆ. ಏಕತಾರಿ ಹಿಡಿದು ತತ್ವಪದ ಹೇಳುವವರನ್ನು ಕೇಳಿದ್ದೀರಿ, ಅಲ್ವಾ? ಹಾಡು ಎಲ್ಲಿಗೆ ಹೋದರೂ ಕೆಳಗೆ ಆ ಒಂದು ಸ್ವರ ನಿಂತಿರುತ್ತದೆ. ಡಲ್ಸಿಮರ್ ಕೂಡ ಹಾಗೆಯೇ. ಅದಕ್ಕೇ ಇದನ್ನು ಇಲ್ಲಿ ಮಾಡುವಾಗ ಪಾಶ್ಚಾತ್ಯ ಅಳತೆಯ ಪಟ್ಟಿ ನೋಡಿ ಮೆಟ್ಟು (ಒಂದೊಂದು ಸ್ವರದ ಜಾಗಕ್ಕೂ ತಂತಿಯ ಕೆಳಗೆ ಕೂರಿಸುವ ಅಡ್ಡಕಡ್ಡಿ) ಕೂರಿಸಬಾರದು, ನಮ್ಮ ಶ್ರುತಿಗೆ ಕೂರಿಸಬೇಕು ಅನ್ನುವುದು ನನ್ನ ಮಾತು. ಅದು ಕಷ್ಟವೂ ಅಲ್ಲ. ಸ್ಕೂಲಿನ ಸ್ಕೇಲು ಸಾಕು.

ಮೊದಲು ಮರ. ಸಾಮಿಲ್‌ನಲ್ಲಿ, ಹಳೇ ಮನೆ ಕೆಡವಿದ ಸಾಮಾನು ಮಾರುವ ಕಡೆ ತೇಗದ ಕಿಟಕಿ ಚೌಕಟ್ಟಿನ ತುಂಡುಗಳು ಸಿಗುತ್ತವೆ. ಇವು ಎಷ್ಟೋ ಬೇಸಿಗೆ ಕಂಡ ಮರ. ಮರ ಒಣಗುವಾಗ ಎಳೆಯ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಕುಗ್ಗುವುದು ಜಾಸ್ತಿ. ಹಸಿ ಹಲಗೆಯಲ್ಲಿ ವಾದ್ಯ ಮಾಡಿದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅದು ಎಳೆಗುಂಟ ಸೀಳುತ್ತದೆ. ಹಳೇ ಮರ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಪಕ್ಕದ ಗೋಡೆಗೆ, ಬೆನ್ನಿಗೆ, ಮೇಲಿನ ಪಟ್ಟಿಗೆ ತೇಗ ಒಳ್ಳೆಯದು.

ಮುಖದ ಹಲಗೆಗೆ ಮಾತ್ರ ಹಗುರ ಮರ ಬೇಕು. ಗಾಜು, ಯಂತ್ರ ತುಂಬಿ ಬರುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಇದಕ್ಕೆ ಬಹಳ ಚೆನ್ನ. ಆದರೆ ವಿದೇಶದಿಂದ ಬಂದ ಪೆಟ್ಟಿಗೆಯಾದರೆ ಅದರ ಮೇಲಿನ ಮುದ್ರೆ ಓದಿಕೊಳ್ಳಿ. ‘ಎಚ್‌ಟಿ’ ಎಂದಿದ್ದರೆ ಹುಳ ಸಾಯಲೆಂದು ಮರವನ್ನು ಒಳತಿರುಳಿನವರೆಗೂ 56 ಡಿಗ್ರಿಗೆ 30 ನಿಮಿಷ ಬಿಸಿ ಮಾಡಿದ್ದಾರೆ ಎಂದರ್ಥ. ಅದನ್ನು ಧೈರ್ಯವಾಗಿ ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಅದನ್ನು ಮನೆಗೆ ತರಬೇಡಿ, ಒಲೆಗೂ ಹಾಕಬೇಡಿ.

ಹಲಗೆ ಆರಿಸಲು ಒಂದು ಸುಲಭ ಪರೀಕ್ಷೆ ಇದೆ. ತುದಿಯಿಂದ ಉದ್ದದ ಐದನೇ ಒಂದು ಭಾಗಕ್ಕಿಂತ ತುಸು ಒಳಗೆ ಎರಡೇ ಬೆರಳಲ್ಲಿ ಹಿಡಿದು ಹಲಗೆಯನ್ನು ತೂಗುಬಿಡಿ. ನಡುವಿಗೆ ಬೆರಳ ಗಂಟಿನಿಂದ ತಟ್ಟಿ. ನಾನು ಹೀಗೆ ಒಂದೊಂದೇ ಹಲಗೆ ತಟ್ಟುತ್ತಿದ್ದಾಗ ಸಾಮಿಲ್‌ನವರು, “ಯಾಕ್ರೀ ಸರ, ತೆಂಗಿನಕಾಯಿ ಬಡಿದು ನೋಡಿದಂಗೆ ನೋಡ್ತೀರಲ್ಲ?” ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಕಂಪಿಸುವ ಪಟ್ಟಿಯಲ್ಲಿ ಕೆಲವು ಜಾಗಗಳು ಅಲುಗದೆ ನಿಂತಿರುತ್ತವೆ. ತುದಿಯಿಂದ ಶೇಕಡ 22ರಷ್ಟು ಒಳಗಿರುವುದು ಅಂಥ ಜಾಗ. ಅಲ್ಲಿ ಹಿಡಿದರೆ ಬೆರಳು ನಾದವನ್ನು ನುಂಗುವುದಿಲ್ಲ. ಒಳ್ಳೇ ಹಲಗೆ ಒಂದು ಸ್ವರ ಕೊಟ್ಟು ಕ್ಷಣಕಾಲ ಉಳಿಯುತ್ತದೆ. ಕೆಟ್ಟದ್ದು ‘ಟಪ್’ ಎಂದು ಅಲ್ಲೇ ಸಾಯುತ್ತದೆ. ಒಳಗೆ ಬಿರುಕಿದ್ದರೂ ಹುಳ ಕೊರೆದಿದ್ದರೂ ಇದರಲ್ಲಿ ಗೊತ್ತಾಗಿಬಿಡುತ್ತದೆ.

ಮುಖದ ಹಲಗೆಯನ್ನು 3 ಮಿಲಿಮೀಟರ್‌ಗೆ ಇಳಿಸಿ. 4 ಮಿಲಿಮೀಟರ್ ಇದ್ದರೆ ಏನಾಯಿತು ಅನ್ನಬೇಡಿ. ಹಲಗೆಯ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 3ರಿಂದ 4ಕ್ಕೆ ಹೋದರೆ ತೂಕ ಮೂರನೇ ಒಂದು ಪಾಲು ಹೆಚ್ಚಿ, ಬಿಗುವು ಎರಡು ಪಟ್ಟಿಗೂ ಮೀರುತ್ತದೆ. ಸಣ್ಣ ತಂತಿಗೆ ಅದನ್ನು ಅಲುಗಿಸುವ ತಾಕತ್ತು ಇರುವುದಿಲ್ಲ. ತಂತಿ ಒಂದೇ ಇದ್ದರೆ ಅದು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಶಬ್ದ ಹೊರಡುವುದೇ ಇಲ್ಲ ಎನ್ನಬಹುದು. ಅದರ ಅಲುಗಾಟ ಕುದುರೆಯ (ತಂತಿಯನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡು) ಮೂಲಕ ಹಲಗೆಗೆ ಇಳಿದು, ಹಲಗೆ ಗಾಳಿಯನ್ನು ತಳ್ಳಿದಾಗಲೇ ನಾದ. ಪೆಟ್ಟಿಗೆ 75 ಸೆಂಟಿಮೀಟರ್ ಉದ್ದ, 15 ಅಗಲ, 5 ಎತ್ತರ ಇದ್ದರೆ ಸಾಕು. ಮುಖದಲ್ಲಿ ಎರಡು ತೂತು ಇರಲಿ. ಅಂಟಿಗೆ ಫೆವಿಕಾಲ್ ನಡೆಯುತ್ತದೆ, ಒಂದು ರಾತ್ರಿ ಬಿಗಿದಿಟ್ಟರೆ ಆಯಿತು.

ಈಗ ತಂತಿ. ತಂತಿಯ ಸ್ವರವನ್ನು ನಿರ್ಧರಿಸುವುದು ಮೂರು ವಿಷಯ: ಉದ್ದ, ಬಿಗಿ, ದಪ್ಪ. ಫ್ರಾನ್ಸಿನ ಗಣಿತಜ್ಞ ಮರಾನ್ ಮೆರ್ಸೆನ್ 1636ರಲ್ಲಿ ಇದನ್ನು ನಿಯಮವಾಗಿ ಬರೆದಿಟ್ಟರು. ನಮ್ಮ ಕಡೆ ಎಲ್ಲಮ್ಮನ ಜೋಗತಿಯರು ಚೌಡಿಕೆಯ ಒಂಟಿ ತಂತಿಯನ್ನು ಬಿಗಿ ಮಾಡಿ, ಸಡಿಲ ಬಿಟ್ಟು ಸ್ವರ ಏರಿಳಿಸುವುದು ಇದೇ ನಿಯಮದ ಒಂದು ಭಾಗ. ಡಲ್ಸಿಮರಿನಲ್ಲಿ ನುಡಿಸುವಾಗ ಬಿಗಿ ಬದಲಾಗುವುದಿಲ್ಲ, ಉದ್ದ ಬದಲಾಗುತ್ತದೆ.

ತಂತಿಯ ಉದ್ದ 60 ಸೆಂಟಿಮೀಟರ್ ಇಟ್ಟುಕೊಳ್ಳೋಣ. ರಾಗದ ತಂತಿ ಸೆಕೆಂಡಿಗೆ 300 ಸಲ ಕಂಪಿಸಲಿ, ಅದು ನಮ್ಮ ಸ. ಶ್ರುತಿಯ ಪ 225, ಕೆಳಗಿನ ಸ 150. ಕಾಲು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯನ್ನು 300ಕ್ಕೆ ತರಲು ಸುಮಾರು 5 ಕಿಲೋ ಭಾರದ ಎಳೆತ ಬೇಕು. ಅದೇ ಎಳೆತದಲ್ಲಿ ಪ ಬೇಕೆಂದರೆ ದಪ್ಪ ಮೂರನೇ ಒಂದು ಮಿಲಿಮೀಟರ್, ಕೆಳಗಿನ ಸ ಬೇಕೆಂದರೆ ಅರ್ಧ ಮಿಲಿಮೀಟರ್. ಕಂಪನ ಅರ್ಧವಾದರೆ ದಪ್ಪ ದುಪ್ಪಟ್ಟು. ಗಿಟಾರಿನ ಮೊದಲ ಎರಡು ತಂತಿಗಳು ಮೊದಲ ಎರಡು ಸ್ವರಕ್ಕೆ ಹೊಂದುತ್ತವೆ. ಮೂರನೆಯದಕ್ಕೆ ಸುರುಳಿ ಸುತ್ತಿದ ತಂತಿ ಹಾಕಿ. ಒಂಟಿ ಉಕ್ಕು ದಪ್ಪವಾದಷ್ಟೂ ಸೆಟೆದುಕೊಂಡು ಅದರ ನಾದ ಕರ್ಕಶವಾಗುತ್ತದೆ.

ಮೂರೂ ಸೇರಿ 15 ಕಿಲೋ ಎಳೆತ. ಆರು ಉಕ್ಕಿನ ತಂತಿಯ ಗಿಟಾರಿನಲ್ಲಿ ಇದು 70 ಕಿಲೋ ಹತ್ತಿರ ಹೋಗುತ್ತದೆ. ಗುಜರಿ ಮರ, ತೆಳು ಹಲಗೆ, ಮನೆಯ ಅಂಟು ಇವೆಲ್ಲ ಡಲ್ಸಿಮರಿಗೆ ಸಾಕಾಗುವ ಗುಟ್ಟು ಇಲ್ಲಿದೆ. ತಂತಿ ಬಿಗಿಯುವ ಬಿರಡೆಗೆ ಮಾತ್ರ ಗಿಟಾರಿನ ಕೀ ಕೊಂಡು ತನ್ನಿ. ಮರದ ಬಿರಡೆ ಜಾರದ ಹಾಗೆ ಕೆತ್ತಲು ನುರಿತ ಕೈ ಬೇಕು.

ಇನ್ನು ಮೆಟ್ಟು. ಹಳೆಯ ಡಲ್ಸಿಮರುಗಳಲ್ಲಿ ಮೆಟ್ಟು ಇದ್ದದ್ದು ರಾಗದ ತಂತಿಯ ಕೆಳಗೆ ಮಾತ್ರ. ತಂತಿ ತುಂಡನ್ನು ಎರಡೂ ಕಡೆ ಬಗ್ಗಿಸಿ ಮರಕ್ಕೆ ಚುಚ್ಚುತ್ತಿದ್ದರು. ನಾವು ಹಳೇ ಸೈಕಲ್ ಕಡ್ಡಿಯಲ್ಲಿ ಅದನ್ನೇ ಮಾಡಬಹುದು. ವೀಣೆಗೆ ಎರಡು ಸ್ಥಾಯಿಗೆ 24 ಮೆಟ್ಟು, ಇದಕ್ಕೆ ಒಂದು ಸ್ಥಾಯಿಗೆ (ಒಂದು ಸದಿಂದ ಮೇಲಿನ ಸವರೆಗೆ) ಏಳೇ. ಬಿಟ್ಟ ಸ್ವರಗಳ ಜಾಗ ಖಾಲಿ.

ಮೆಟ್ಟು ಎಲ್ಲಿ ಬರಬೇಕು? ಪಾಶ್ಚಾತ್ಯ ಪಟ್ಟಿಗಳು ಒಂದು ಸ್ಥಾಯಿಯನ್ನು 12 ಸಮಪಾಲು ಮಾಡುತ್ತವೆ. ಗಿಟಾರಿಗೆ ಅದು ಬೇಕು, ಏಕೆಂದರೆ ಅಲ್ಲಿ ಷಡ್ಜ, ಅಂದರೆ ಸ, ಹಾಡಿನಿಂದ ಹಾಡಿಗೆ ಸ್ಥಳ ಬದಲಿಸುತ್ತದೆ. ನಮ್ಮ ಈ ವಾದ್ಯದಲ್ಲಿ ಸ ಕದಲುವುದೇ ಇಲ್ಲ. ಹಾಗಾಗಿ ಸ್ವರಗಳನ್ನು ಆ ಸಕ್ಕೆ ಸರಳ ಅನುಪಾತದಲ್ಲಿ ಹೊಂದಿಸಬಹುದು. ಉದ್ದ 60 ಆಗಿರುವುದರಿಂದ ಲೆಕ್ಕ ಚೊಕ್ಕವಾಗಿ ಬರುತ್ತದೆ. ಬಿರಡೆ ಇರುವ ತಲೆಯ ಕಡೆ ತಂತಿಯ 60 ಸೆಂಟಿಮೀಟರ್ ಶುರುವಾಗುವ ಜಾಗದಿಂದ ಅಳೆಯಿರಿ: ರಿ 6.7 ಸೆಂಟಿಮೀಟರ್, ಗ 12, ಮ 15, ಪ 20, ದ 24, ನಿ 26 ಕಾಲು, ಮೇಲಿನ ಸ 30. ಇದು ಚತುಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಅಂದರೆ ಕರ್ನಾಟಕ ಸಂಗೀತದ ಮೇಳಗಳಲ್ಲಿ (ಏಳು ಸ್ವರದ ಮೂಲರಾಗಗಳಲ್ಲಿ) 28ನೆಯದಾದ ಹರಿಕಾಂಭೋಜಿ. ಅಪಲೇಚಿಯನ್ ಬೆಟ್ಟದವರು ಖಾಲಿ ತಂತಿಯಿಂದ ಹಿಡಿದು ನುಡಿಸುತ್ತಿದ್ದ ಏಳು ಸ್ವರಗಳೂ ಇದೇ ಸಾಲು. 28 ಸೆಂಟಿಮೀಟರಿನಲ್ಲಿ ಇನ್ನೊಂದು ಮೆಟ್ಟು ಹಾಕಿದರೆ ಕಾಕಲಿ ನಿಷಾದ ಸಿಕ್ಕಿ ಶಂಕರಾಭರಣ ರಾಗವೂ ಬಂತು.

ಗಾಂಧಾರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಾಶ್ಚಾತ್ಯ ಪಟ್ಟಿಯ ಪ್ರಕಾರ ಅದು ಬರುವುದು 12.4ರಲ್ಲಿ. ನಮ್ಮದು 12. ನಾಲ್ಕು ಮಿಲಿಮೀಟರ್ ವ್ಯತ್ಯಾಸ, ಅಷ್ಟೇ. ಆದರೆ ಕೆಳಗಿನ ಸ 150ರಲ್ಲಿ ನುಡಿಯುವಾಗ ಅದರ ಐದನೇ ಅನುಸ್ವರ (ಮೂಲ ಕಂಪನದ ಐದು ಪಟ್ಟು ವೇಗದಲ್ಲಿ ಅದರೊಳಗೇ ನುಡಿಯುವ ಸಣ್ಣ ಸ್ವರ) 750ರಲ್ಲಿ ಇರುತ್ತದೆ. ನಮ್ಮ ಗ 375. ಅದರ ಎರಡನೇ ಅನುಸ್ವರವೂ 750. ಎರಡೂ ಒಂದಾಗಿ ಕರಗುತ್ತವೆ. ಸಮಪಾಲಿನ ಗ 378, ಅದರ ದುಪ್ಪಟ್ಟು 756. 750 ಮತ್ತು 756 ಒಟ್ಟಿಗೆ ಕೇಳಿದಾಗ ಸೆಕೆಂಡಿಗೆ ಆರು ಸಲ ನಾದ ಏರಿ ಇಳಿಯುತ್ತದೆ. ಅದು ಸ್ಪಷ್ಟವಾಗಿ ಕೇಳುವ ನಡುಕ. ಕಡ್ಡಿಯ ತುಂಡನ್ನು ಮೊದಲು ಟೇಪಿನಲ್ಲಿ ಅಂಟಿಸಿ, ಮೂರೂ ತಂತಿ ಸವರಿ, ಅದನ್ನು 12.4ರಿಂದ 12ರ ಕಡೆಗೆ ಮೆಲ್ಲಗೆ ಸರಿಸಿ. ನಡುಕ ನಿಧಾನವಾಗುತ್ತಾ ಬಂದು ನಿಂತೇಬಿಡುತ್ತದೆ. ಭೌತಶಾಸ್ತ್ರವನ್ನು ಇಷ್ಟು ಚೆಂದವಾಗಿ ಕಿವಿಗೆ ಮುಟ್ಟಿಸುವ ಪ್ರಯೋಗ ನನಗೆ ಬೇರೆ ಗೊತ್ತಿಲ್ಲ. ವೀಣೆಗೆ ಮೇಳ ಕಟ್ಟುವವರು, ಅಂದರೆ ಮೆಟ್ಟು ಕೂರಿಸುವವರು, ಮೇಣದ ಮೇಲೆ ಮೆಟ್ಟು ಸರಿಸಿ ಸರಿಸಿ ಕಿವಿಯಲ್ಲೇ ಜಾಗ ಹುಡುಕುವುದೂ ಇದನ್ನೇ.

ಒಂದು ಎಚ್ಚರಿಕೆ. ತಂತಿಯನ್ನು ಮೆಟ್ಟಿಗೆ ಒತ್ತಿದಾಗ ಅದು ತುಸು ಎಳೆದುಕೊಂಡು ಸ್ವರ ಏರುತ್ತದೆ. ಇದಕ್ಕೆ ಕುದುರೆಯನ್ನು ಅಂಟಿಸದೆ ಸುಮ್ನೆ ಇಡಿ, ತಂತಿಯ ಒತ್ತಡವೇ ಅದನ್ನು ಹಿಡಿದಿರುತ್ತದೆ. ತಂತಿಯ ನಟ್ಟನಡುವೆ ಬೆರಳು ತಾಗಿಸಿದಂತೆ ಮಾಡಿ ಮೀಟಿದರೆ ಬರುವ ಸ್ವರ, 30ರ ಮೆಟ್ಟಿಗೆ ಒತ್ತಿ ಮೀಟಿದ ಸ್ವರ, ಇವೆರಡೂ ಒಂದೇ ಆಗಬೇಕು. ಒತ್ತಿದ್ದು ಏರಿದ್ದರೆ ಕುದುರೆಯನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ, ಮೆಟ್ಟುಗಳಿಂದ ದೂರ, ತಳ್ಳಿ.

ನುಡಿಸುವುದಕ್ಕೆ ಎಡಗೈಯಲ್ಲಿ ಬೆರಳುದ್ದದ ಬಿದಿರು ತುಂಡು ಹಿಡಿದು ರಾಗದ ತಂತಿಯ ಮೇಲೆ ಜಾರಿಸಿ. ಅಮೆರಿಕದ ಹಳಬರೂ ಹಾಗೇ ಮಾಡುತ್ತಿದ್ದರು. ಬಲಗೈಗೆ ಅವರು ಹಕ್ಕಿಯ ಗರಿಯ ಕಡ್ಡಿ ಹಿಡಿಯುತ್ತಿದ್ದರು, ನಮಗೆ ಹಳೇ ಎಟಿಎಂ ಕಾರ್ಡಿನ ತುಂಡು ಆಗುತ್ತದೆ. ವೀಣೆಯ ಗಮಕ (ಸ್ವರವನ್ನು ತೂಗಿ ಬಳುಕಿಸುವುದು) ಇದರಲ್ಲಿ ಬಾರದು, ಅದನ್ನು ಕೇಳಲೂಬಾರದು. ತತ್ವಪದಕ್ಕೆ, ವಚನಕ್ಕೆ, ಸೋಬಾನೆಗೆ ಇದು ಚೆನ್ನಾಗಿ ಒದಗುತ್ತದೆ.

ಪುಟ್ಟ ಮಕ್ಕಳಿಗೆಂದು ಮಾಡುವುದಾದರೆ ಮ ಮತ್ತು ನಿಯ ಮೆಟ್ಟು ಹಾಕಲೇಬೇಡಿ. 6.7, 12, 20, 24, 30, ಇಷ್ಟೇ ಐದು. ಸ ರಿ ಗ ಪ ದ, ಮೋಹನ ರಾಗ. ಮಗು ಎಲ್ಲಿ ಒತ್ತಿದರೂ ಅಪಸ್ವರ ಬರುವುದಿಲ್ಲ, ಮೊದಲ ದಿನವೇ ಏನಾದರೊಂದು ಹಾಡು ಹುಡುಕಿಕೊಳ್ಳುತ್ತದೆ. ಉಳಿದೆರಡು ಮೆಟ್ಟನ್ನು ಮಗು ಕೇಳಿದಾಗ ಹಾಕಿದರಾಯಿತು.