ಕರ್ನಲ್ ಸದ್ದಿಲ್ಲದೆ ನಿಂತಾಗ

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಅದು ಕುಸಿದು ಬಿದ್ದರೆ, ಎಲ್ಲಿ ಬಿದ್ದೆ ಅಂತ ಅದೇ ಹೇಳಿ ಹೋಗುತ್ತದೆ. ಸುಮ್ನೆ ನಿಂತುಬಿಟ್ಟರೆ ಕಷ್ಟ. ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಆದರೆ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಓಡಾಡುವ ಮಾಹಿತಿಯ ತುಣುಕು) ಮುಂದಕ್ಕೆ ಹೋಗುತ್ತಿಲ್ಲ.

ಲಿನಕ್ಸ್‌ನಲ್ಲಿ ಪ್ಯಾಕೆಟ್ ಬಂದಾಗ ನೆಟ್‌ವರ್ಕ್ ಕಾರ್ಡ್ ಇಂಟರಪ್ಟ್ ಎಂಬ ಸಂಕೇತ ಕಳಿಸಿ ಸಿಪಿಯುವನ್ನು ಕರೆಯುತ್ತದೆ. 10 ಗಿಗಾಬಿಟ್ ಲಿಂಕ್‌ನಲ್ಲಿ ತೀರಾ ಚಿಕ್ಕ ಪ್ಯಾಕೆಟ್‌ಗಳು ಸೆಕೆಂಡಿಗೆ ಸುಮಾರು 1.48 ಕೋಟಿ ಬರಬಹುದು. ಅಂದರೆ ಒಂದಕ್ಕೆ 67 ನ್ಯಾನೊಸೆಕೆಂಡ್ ಬಿಡುವು. ಪ್ರತಿ ಸಲ ಕರೆದರೆ ಬೇರೆ ಕೆಲಸವೇ ನಡೆಯುವುದಿಲ್ಲ. ಅದಕ್ಕೇ ಮೊದಲ ಕರೆಯ ನಂತರ ಇಂಟರಪ್ಟ್ ಆಫ್ ಆಗುತ್ತದೆ. ಕರ್ನಲ್ ತಾನೇ ಹೋಗಿ, ಸಾಮಾನ್ಯವಾಗಿ ಒಂದು ಸರದಿಗೆ 64ರ ತನಕ ಎತ್ತಿಕೊಳ್ಳುತ್ತದೆ. ಸಾಲು ಖಾಲಿಯಾದ ಮೇಲೆ ಇಂಟರಪ್ಟ್ ಮತ್ತೆ ಆನ್. ಈ ಏರ್ಪಾಡಿನ ಹೆಸರು ನ್ಯಾಪಿ.

ಸಾಲು ಖಾಲಿ ಅಂತ ನೋಡಿದ ಗಳಿಗೆಗೂ ಇಂಟರಪ್ಟ್ ಆನ್ ಮಾಡಿದ ಗಳಿಗೆಗೂ ನಡುವೆ ಒಂದು ಪ್ಯಾಕೆಟ್ ನುಸುಳಿದರೆ? ಡ್ರೈವರ್ (ಕಾರ್ಡನ್ನು ನಡೆಸುವ ಕೋಡ್) ಇನ್ನೊಮ್ಮೆ ತಿರುಗಿ ನೋಡದಿದ್ದರೆ ಅದು ಅಲ್ಲೇ ಕೂತಿರುತ್ತದೆ. ಕಾರ್ಡ್ ಕರೆಯುವುದಿಲ್ಲ, ಕರ್ನಲ್ ಬರುವುದಿಲ್ಲ. ಏನಾಗಿದೆ ಅಂತ ನೀವು ಪಿಂಗ್ ಮಾಡುತ್ತೀರಿ, ಅಂದರೆ ಪರೀಕ್ಷೆಗೆ ಒಂದು ಪ್ಯಾಕೆಟ್ ಕಳಿಸುತ್ತೀರಿ. ಆ ಹೊಸ ಪ್ಯಾಕೆಟ್ ಇಂಟರಪ್ಟ್ ಎಬ್ಬಿಸುತ್ತದೆ, ಹಳೆಯದೂ ಜೊತೆಗೇ ಹೊರಡುತ್ತದೆ. ಪರೀಕ್ಷೆ ಮಾಡಿದ ಕೂಡಲೇ ರೋಗ ಮಾಯ! ಪಿಂಗ್ ಮಾಡಿದಾಗ ಸರಿಹೋಯಿತು ಅಂತ ಯಾರಾದರೂ ಹೇಳಿದರೆ ಅದನ್ನು ತಳ್ಳಿಹಾಕಬಾರದು. ಅದೇ ದೊಡ್ಡ ಸುಳಿವು.

ಇನ್ನೊಂದು ಬಗೆ ಲಾಕ್‌ನದು. ಒಂದೇ ಮಾಹಿತಿಯನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ಹಾಕುವ ಬೀಗ ಅದು. ಸ್ಪಿನ್‌ಲಾಕ್ ಆದರೆ, ಅದು ಸಿಗುವ ತನಕ ಸಿಪಿಯು ಅಲ್ಲೇ ಸುತ್ತುತ್ತ ಕಾಯುತ್ತದೆ. ಒಂದು ಸಿಪಿಯು ಸ್ಪಿನ್‌ಲಾಕ್ ಹಿಡಿದು ಕೆಲಸ ಮಾಡುತ್ತಿದೆ. ಅಷ್ಟರಲ್ಲಿ ಪ್ಯಾಕೆಟ್ ಬಂತು. ಅದೇ ಸಿಪಿಯು ಆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಪ್ಯಾಕೆಟ್ ಕಡೆ ತಿರುಗಿತು. ಅಲ್ಲೂ ಅದೇ ಲಾಕ್ ಬೇಕು! ಅರ್ಧಕ್ಕೆ ಬಿಟ್ಟ ಕೆಲಸ ಮುಗಿಯದೆ ಲಾಕ್ ಸಿಗದು, ಪ್ಯಾಕೆಟ್ ಕೆಲಸ ಮುಗಿಯದೆ ಆ ಅರ್ಧ ಕೆಲಸ ಏಳದು. ಇಂಥ ಲಾಕ್ ಹಿಡಿಯುವ ಮೊದಲು ಪ್ಯಾಕೆಟ್ ಕೆಲಸವನ್ನು ಆ ಸಿಪಿಯುವಿನಲ್ಲಿ ತಡೆದಿಡಬೇಕು.

ಹೀಗೆ ಸುಮಾರು 20 ಸೆಕೆಂಡ್ ಕಳೆದರೆ ಕರ್ನಲ್‌ನ ಕಾವಲುಗಾರ ವಾಚ್‌ಡಾಗ್ ಎಚ್ಚರಿಸಿ, ಸಿಕ್ಕಿಕೊಂಡ ಸಿಪಿಯುವಿನ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್‌ಗಳ ಮೂಲಕ ಅಲ್ಲಿಗೆ ಬಂತು ಎಂಬ ಪಟ್ಟಿ) ಮುದ್ರಿಸುತ್ತದೆ. ಹೊಸಬರು ಎಡವುವುದು ಇಲ್ಲೇ. ಹಲವು ಸಲ ಆ ಟ್ರೇಸ್ ಕಾಯುತ್ತಿರುವವನದು, ಲಾಕ್ ಹಿಡಿದು ಕೂತವನದಲ್ಲ. ಹಿಡಿದವನು ಬೇರೆ ಸಿಪಿಯುವಿನಲ್ಲಿರಬಹುದು. ಎಲ್ಲ ಸಿಪಿಯುಗಳ ಟ್ರೇಸ್ ತೆಗೆಸಿ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಅಂತ ಗೆರೆ ಎಳೆದು ನೋಡಬೇಕು. ನಡುನಡುವೆ ಪ್ರಿಂಟ್ ಸಾಲು ಸೇರಿಸಿದರೆ ವೇಳೆಯ ಲೆಕ್ಕವೇ ಬದಲಾಗಿ ದೋಷ ಅಡಗಿಕೊಳ್ಳಬಹುದು. ಕರ್ನಲ್ ಏನು ಮಾಡುತ್ತಿದೆ ಅಂತ ದಾಖಲಿಸುವ ಎಫ್‌ಟ್ರೇಸ್ ಮೆಮೊರಿಯಲ್ಲೇ ಬರೆದಿಡುವುದರಿಂದ ಆ ತೊಂದರೆ ಕಡಿಮೆ.

ನನಗೆ ಜಾಸ್ತಿ ಇಷ್ಟವಾದದ್ದು 2006ರಲ್ಲಿ ಲಿನಕ್ಸ್‌ಗೆ ಸೇರಿದ ಲಾಕ್‌ಡೆಪ್. ಅದು ಯಾವ ಲಾಕ್ ನಂತರ ಯಾವುದು, ಯಾವ ಸಂದರ್ಭದಲ್ಲಿ ಅಂತ ನೆನಪಿಟ್ಟುಕೊಳ್ಳುತ್ತದೆ. ಯಂತ್ರ ಒಮ್ಮೆಯೂ ನಿಂತಿರಬೇಕಿಲ್ಲ. ಡಿಕ್ಕಿಯಾಗಬಹುದಾದ ಎರಡು ದಾರಿಗಳು ಬೇರೆ ಬೇರೆ ಹೊತ್ತಿನಲ್ಲಿ ಒಂದೊಂದು ಸಲ ನಡೆದಿದ್ದರೂ ಸಾಕು, ಅದು ಕೂಗಿ ಹೇಳುತ್ತದೆ.